ಎಲ್ಲಿಯವರೆಗೆ ಬಂದಿದೆ?

ಬೇಸಗೆಯ ಬೆಳಗಿನಲ್ಲಿ ಅಡುಗೆಮನೆಯ ನಲ್ಲಿಯನ್ನು ತಿರುಗಿಸಿದಾಗ ನೀರಿಗೆ ಬದಲು ಬುಸ್ಸೆನ್ನುವ ಗಾಳಿ ಹೊರಬಂದರೆ, ನಮ್ಮ ಮೈಸೂರಿನ ಗೃಹಸ್ಥನು ಒಡನೆಯೇ ನೀರು ಸರಬರಾಜಿನ ಕಚೇರಿಗೆ ಫೋನು ಮಾಡುವುದಿಲ್ಲ. ಮೊದಲು ತಾರಸಿ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತಾನೆ, ಅದು ಬರಿದಾಗಿದ್ದರೆ ಕೆಳಗಿಳಿದು ಸಂಪಿನೊಳಕ್ಕೆ ಇಣುಕುತ್ತಾನೆ, ಸಂಪಿನಲ್ಲಿ ನೀರಿದ್ದರೆ ಮೋಟಾರಿನ ಸ್ವಿಚ್ಚಿನ ಕಡೆಗೆ, ಇಲ್ಲದಿದ್ದರೆ ಬೀದಿಯ ಕಡೆಗೆ ನಡೆದು, ಪಕ್ಕದ ಮನೆಯವರನ್ನು "ನಿಮಗೆ ಬಂತೇ?" ಎಂದು ವಿಚಾರಿಸಿ, ಅವರಿಗೂ ಬಂದಿಲ್ಲವೆಂದು ಖಚಿತವಾದ ಮೇಲಷ್ಟೇ ವಾಲ್ವ್ ತಿರುಗಿಸುವವನನ್ನು ಹುಡುಕಿಕೊಂಡು ಹೊರಡುತ್ತಾನೆ. ನೀರಿನ ವಿಷಯದಲ್ಲಿ ಇಷ್ಟು ವಿವೇಕವನ್ನು ತೋರುವ ಅದೇ ಗೃಹಸ್ಥನು, ಕಂಪ್ಯೂಟರಿನಲ್ಲಿ ಪುಟವೊಂದು ತೆರೆಯದೆಹೋದ ಕ್ಷಣದಲ್ಲಿ ಮಾತ್ರ ಅದನ್ನೆಲ್ಲ ಮರೆತು, "ನೆಟ್ ಇಲ್ಲ" ಎಂದು ಎರಡೇ ಮಾತಿನಲ್ಲಿ ತೀರ್ಪಿತ್ತು, ರೂಟರಿನ ಸ್ವಿಚ್ಚನ್ನು ಆರಿಸಿ, ಹಾಕಿ, ಪುನಃ ಆರಿಸಿ, ಕೊನೆಗೆ ಸೇವೆಯ ಕಂಪನಿಯ ಸಂಖ್ಯೆಯನ್ನು ಒತ್ತಿ, ಅಲ್ಲಿ ಕೇಳಿಬರುವ ಸಂಗೀತಕ್ಕೆ ಕಿವಿಗೊಟ್ಟು ಕುಳಿತುಬಿಡುತ್ತಾನೆ. ಜಾಲವೂ ನೀರಿನಂತೆಯೇ ಹಲವು ತೊಟ್ಟಿ, ಹಲವು ಕೊಳವೆ, ಹಲವು ವಾಲ್ವುಗಳನ್ನು ದಾಟಿ ನಮ್ಮ ಮೇಜಿನವರೆಗೆ ಬರತಕ್ಕ ವಸ್ತು. ಆದ್ದರಿಂದ ಅಲ್ಲಿಯೂ ಮೊದಲು ಕೇಳತಕ್ಕ ಪ್ರಶ್ನೆ, ಎಲ್ಲಿಯವರೆಗೆ ಬಂದಿದೆ ಎಂಬುದೇ.

ನಮ್ಮ ಬೀದಿಯ ನಾಲ್ಕನೆಯ ಮನೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಅವರ ಮಗ ಪರದೇಶಕ್ಕೆ ಹೊರಡುವ ಮುನ್ನ ತನ್ನ ಹಳೆಯ ಲ್ಯಾಪ್‌ಟಾಪನ್ನು ತೊಳೆದು ಮಡಿಮಾಡಿದಂತೆ ಮಾಡಿ, ಅದರಲ್ಲಿ ಲಿನಕ್ಸನ್ನು ಸ್ಥಾಪಿಸಿ, ತಂದೆಗೆ ಕೊಟ್ಟು ಹೋಗಿದ್ದ. ಕಳೆದ ಆಷಾಢದ ಒಂದು ಮಧ್ಯಾಹ್ನ ಮೇಷ್ಟ್ರು ನಮ್ಮ ಗೇಟಿನ ಬಳಿ ನಿಂತು, "ಏನು ಸ್ವಾಮಿ, ನಿಮ್ಮನೇಲಿ ನೆಟ್ ಇದೆಯೋ? ನಮ್ಮಲ್ಲಿ ನಿನ್ನೆ ಸಂಜೆಯಿಂದ ಇಲ್ಲ. ಕಂಪನಿಯವರಿಗೆ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ರೂಟರ್ ಆಫ್ ಮಾಡಿ ಆನ್ ಮಾಡಿ ಅಂದರು. ನಾನೂ ಮಾಡಿದೆ. ಈ ಲಿನಕ್ಸನ್ನೇ ತೆಗೆಸಿಬಿಡೋಣ ಅಂತಿದೀನಿ" ಎಂದರು.

ತೆಗೆಸುವ ಮಾತು ಬಂದದ್ದರಿಂದ ಆ ಬಡಪಾಯಿಯ ಪರವಾಗಿ ಒಂದೆರಡು ಮಾತು ಹೇಳಲೇಬೇಕು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬಾತನು ತನ್ನ ಹವ್ಯಾಸಕ್ಕೆಂದು ಬರೆಯತೊಡಗಿದ ಈ ತಂತ್ರಾಂಶದ ತಿರುಳು ಇಂದು ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿಯೂ, ಗೋಡೆಗೆ ತೂಗುಬಿದ್ದಿರುವ ಎಷ್ಟೋ ರೂಟರುಗಳ ಒಡಲಿನಲ್ಲಿಯೂ ಇದೆ. ಮೇಷ್ಟ್ರು ಅದನ್ನು ಲ್ಯಾಪ್‌ಟಾಪಿನಿಂದ ಓಡಿಸಿದರೂ ಮನೆಯಿಂದ ಓಡಿಸುವುದು ಪ್ರಾಯಶಃ ಸಾಧ್ಯವಿರಲಿಲ್ಲ. ಮೇಲಾಗಿ, ದೋಷವನ್ನು ಶೋಧಿಸುವ ಕಾರ್ಯಕ್ಕೆ ಇಷ್ಟು ಅನುಕೂಲವಾದ ವ್ಯವಸ್ಥೆಯನ್ನು ನಾನು ಬೇರೆ ಕಂಡಿಲ್ಲ. ಅದು ಮಿತಭಾಷಿ, ತಾನಾಗಿ ಬಂದು ಏನನ್ನೂ ಹೇಳದು. ಆದರೆ ಸರಿಯಾದ ಪ್ರಶ್ನೆಯನ್ನು ಸರಿಯಾದ ಮಾತಿನಲ್ಲಿ ಕೇಳಿದರೆ, ಮುಚ್ಚುಮರೆಯಿಲ್ಲದೆ, ಕೆಲವೊಮ್ಮೆ ಬೇಕಾದುದಕ್ಕಿಂತ ಹೆಚ್ಚಾಗಿಯೇ, ಉತ್ತರ ಕೊಡುತ್ತದೆ. ಈ ಪ್ರಶ್ನೆಗಳನ್ನು ಕೇಳುವ ಸ್ಥಳಕ್ಕೆ ಟರ್ಮಿನಲ್ ಎಂದು ಹೆಸರು. ಕಪ್ಪು ಕಿಟಕಿಯೊಂದರಲ್ಲಿ ಮಿನುಗುವ ಗೆರೆಯಷ್ಟೇ ಅಲ್ಲಿರುವುದರಿಂದ ನೋಡಿದವರು ಹೆದರುವುದುಂಟು. ಆದರೆ ಇಲ್ಲಿ ಹೇಳುವ ಆಜ್ಞೆಗಳೆಲ್ಲ ಬರಿದೆ ವಿಚಾರಿಸುವವು, ಯಾವುದನ್ನೂ ಕೆಡಿಸುವವಲ್ಲ. ನಾನು ಕನ್ನಡದ ಲಿಪಿಯಲ್ಲಿ ಬರೆದಿರುವುದನ್ನು ಓದುಗರು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತತಕ್ಕದ್ದು.

ಮೇಷ್ಟ್ರ ಮನೆಗೆ ಹೋದವನು ಲ್ಯಾಪ್‌ಟಾಪನ್ನು ಮುಟ್ಟುವುದಕ್ಕೆ ಮೊದಲು ಅವರ ಫೋನನ್ನು ಕೇಳಿ ಪಡೆದುಕೊಂಡೆ. "ಫೋನಲ್ಲಿ ಬರುತ್ತಪ್ಪ, ಅದಕ್ಕೇನೂ ಆಗಿಲ್ಲ" ಎಂದರು. ಆದರೆ ಈ ಸಾಕ್ಷ್ಯವನ್ನು ಹಾಗೆಯೇ ನಂಬುವಂತಿಲ್ಲ. ಏಕೆಂದರೆ ವೈಫೈ ಕೈಕೊಟ್ಟ ಕ್ಷಣವೇ ಫೋನು ಯಾರಿಗೂ ತಿಳಿಸದೆ ಸಿಮ್ಮಿನ ಡೇಟಾವನ್ನು ಹಿಡಿದುಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಮುಖ ಮಾಡುವ ಚಾಳಿಯುಳ್ಳದ್ದು. ಮೊಬೈಲ್ ಡೇಟಾವನ್ನು ಆರಿಸಿ, ವೈಫೈಯೊಂದನ್ನೇ ಉಳಿಸಿ ನೋಡಿದೆ; ಆಗಲೂ ಪುಟ ತೆರೆಯಿತು. ಅಲ್ಲಿಗೆ ಸೇವೆಯ ಕಂಪನಿಯೂ, ಬೀದಿಯ ಕಂಬದ ಮೇಲಿನ ಫೈಬರೂ, ಗೋಡೆಯ ರೂಟರೂ ಒಟ್ಟಿಗೆ ಆರೋಪಮುಕ್ತವಾದವು. ಒಂದನ್ನು ಇರಿಸಿ, ಒಂದನ್ನು ತೆಗೆದು, ಫಲದಲ್ಲಿ ಆಗುವ ವ್ಯತ್ಯಾಸದಿಂದ ಕಾರಣವನ್ನು ಹಿಡಿಯುವ ಈ ಕ್ರಮಕ್ಕೆ ನಮ್ಮ ತರ್ಕಶಾಸ್ತ್ರದವರು ಅನ್ವಯ-ವ್ಯತಿರೇಕವೆಂದು ಎಂದೋ ಹೆಸರಿಟ್ಟಿದ್ದಾರೆ. ಮೇಷ್ಟ್ರು ಮೂರು ಸಲ ಫೋನು ಮಾಡಿ ವ್ಯಯಿಸಿದ ಹೊತ್ತನ್ನು ಈ ಅರ್ಧ ನಿಮಿಷದ ಪರೀಕ್ಷೆ ಉಳಿಸಬಹುದಾಗಿತ್ತು.

ಫೋನಿನಲ್ಲಿಯೂ ತೆರೆಯದಿದ್ದ ಪಕ್ಷದಲ್ಲಿ ನೋಡಬೇಕಾದದ್ದು ಫೈಬರ್ ಬಂದು ಸೇರುವ ಪೆಟ್ಟಿಗೆಯ ದೀಪಗಳನ್ನು. ಅವುಗಳಲ್ಲಿ ಎಲ್‌ಒಎಸ್ ಎಂಬ ಮೂರಕ್ಷರದ ದೀಪ ಕೆಂಪಗೆ ಉರಿಯುತ್ತಿದ್ದರೆ ಬೆಳಕೇ ಮನೆಯವರೆಗೆ ಬರುತ್ತಿಲ್ಲವೆಂದು ಅರ್ಥ. ಮರದ ಕೊಂಬೆ ಬಿದ್ದು ತಂತಿ ಕಡಿದಿರಬಹುದು. ಅಥವಾ ಹಬ್ಬಕ್ಕೆಂದು ಕಪಾಟು ಸರಿಸುವಾಗ ಅದರ ಹಿಂದಿನ ತೆಳು ತಂತಿ ಚೂಪಾಗಿ ಮಡಿಸಿಹೋಗಿ, ಒಳಗಿನ ಕೂದಲೆಳೆಯಂಥ ಗಾಜಿನ ನೂಲು ಮುರಿದಿರಬಹುದು. ಆಗ ಲಿನಕ್ಸಿನ ತಂಟೆಗೆ ಹೋಗದೆ ಕಂಪನಿಗೆ ಫೋನು ಮಾಡುವುದೇ ಯುಕ್ತ.

ಇನ್ನು ಲ್ಯಾಪ್‌ಟಾಪು. ಮದುವೆಯ ಮನೆಯಲ್ಲಿ ಪುರೋಹಿತರು ವಧೂವರರಿಗೆ ಅರುಂಧತಿಯನ್ನು ತೋರಿಸುವಾಗ, ಆ ಮಂಕು ನಕ್ಷತ್ರವನ್ನು ಎತ್ತಿದೊಡನೆಯೇ ತೋರಿಸಲಾಗದೆ, ಮೊದಲು ಕಣ್ಣಿಗೆ ಸುಲಭವಾಗಿ ಬೀಳುವ ದೊಡ್ಡ ನಕ್ಷತ್ರವನ್ನು ತೋರಿಸಿ, ಅಲ್ಲಿಂದ ಮೆಲ್ಲನೆ ದೃಷ್ಟಿಯನ್ನು ಸರಿಸುತ್ತ ಹೋಗುವ ಪದ್ಧತಿಯಿದೆಯಷ್ಟೆ. ಜಾಲದ ಪರೀಕ್ಷೆಯೂ ಹಾಗೆಯೇ ಕೈಗೆ ಸಿಗುವ ಯಂತ್ರದಿಂದ ಹೊರಟು ದೂರದ ಪುಟದ ಕಡೆಗೆ ಹೆಜ್ಜೆಹೆಜ್ಜೆಯಾಗಿ ಸಾಗಬೇಕು. ಆದ್ದರಿಂದ ಮೊದಲ ಆಜ್ಞೆ 'ಐಪಿ ಲಿಂಕ್'. ಈ ಯಂತ್ರಕ್ಕೆ ಜಾಲದ ಬಾಗಿಲುಗಳು ಎಷ್ಟಿವೆ, ಅವು ತೆರೆದಿವೆಯೋ ಮುಚ್ಚಿವೆಯೋ ಎಂಬುದನ್ನು ಇದು ಪಟ್ಟಿಮಾಡಿ ಹೇಳುತ್ತದೆ. 'ಎಲ್‌ಒ' ಎಂಬ ಮೊದಲ ಬಾಗಿಲು ಯಂತ್ರ ತನ್ನೊಡನೆ ತಾನೇ ಮಾತಾಡಿಕೊಳ್ಳುವುದಕ್ಕೆ, ಅದನ್ನು ಬಿಡಬಹುದು. 'ಇಎನ್' ಎಂದು ಆರಂಭವಾಗುವುದು ಕೇಬಲ್ಲಿನದು, 'ಡಬ್ಲ್ಯುಎಲ್' ಎಂದು ಆರಂಭವಾಗುವುದು ವೈಫೈಯದು. ಅವುಗಳ ಮುಂದೆ 'ಪಿ3ಎಸ್0' ಎಂಬಂಥ ಬಾಲ ಅಂಟಿಕೊಂಡಿರುವುದನ್ನು ಕಂಡು ಗಾಬರಿಯಾಗಬೇಕಾದುದಿಲ್ಲ. ಯಂತ್ರದೊಳಗೆ ಆ ಬಿಡಿಭಾಗ ಕೂತಿರುವ ಸಾಲು ಮತ್ತು ಮನೆಯ ಅಂಕೆ ಅದು. ಬಾಗಿಲ ಎದುರಿಗೆ 'ಅಪ್' ಎಂದಿದ್ದರೆ ಕ್ಷೇಮ. ಕೇಬಲ್ಲಿನ ಎದುರು 'ನೋ ಕ್ಯಾರಿಯರ್' ಎಂದಿದ್ದರೆ ತಂತಿಯ ಒಂದು ತುದಿ ಸಡಿಲವಾಗಿರಬಹುದು ಅಥವಾ ತಂತಿ ಸತ್ತಿರಬಹುದು. ವೈಫೈ ಬಾಗಿಲು ಮುಚ್ಚಿದ್ದರೆ 'ಆರ್‌ಎಫ್‌ಕಿಲ್' ಎಂಬ ಆಜ್ಞೆಯನ್ನು ಕೇಳಿ ನೋಡಬೇಕು; ಮೊಮ್ಮಕ್ಕಳು ಕೀಲಿಮಣೆಯ ವಿಮಾನದ ಚಿತ್ರದ ಗುಂಡಿಯನ್ನು ಒತ್ತಿ ವೈಫೈಯನ್ನು ಮಲಗಿಸಿರುವುದು ಅಪರೂಪದ ಸಂಗತಿಯೇನಲ್ಲ. ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಬಾಗಿಲು ತೆರೆದೇ ಇತ್ತು.

ಬಾಗಿಲು ತೆರೆದಿದ್ದ ಮಾತ್ರಕ್ಕೆ ವಿಳಾಸವಿರಬೇಕೆಂಬ ನಿಯಮವಿಲ್ಲ. ಊರಿಗೆ ಹೊಸದಾಗಿ ಬಂದ ಯಾತ್ರಿಕನು ಛತ್ರದ ಅಂಗಳದಲ್ಲಿ ನಿಂತು "ಇಲ್ಲಿ ಪಾರುಪತ್ತೇಗಾರರು ಯಾರಾದರೂ ಇದ್ದೀರಾ?" ಎಂದು ಕೂಗುತ್ತಾನೆ, ಪಾರುಪತ್ತೇಗಾರ ಹೊರಗೆ ಬಂದು "ಏಳನೆಯ ಕೋಣೆ ಖಾಲಿಯಿದೆ, ಆದೀತೇ?" ಎನ್ನುತ್ತಾನೆ, ಯಾತ್ರಿಕ "ಅದನ್ನೇ ಕೊಡಿ" ಎನ್ನುತ್ತಾನೆ, ಪಾರುಪತ್ತೇಗಾರ ಪುಸ್ತಕದಲ್ಲಿ ಬರೆದುಕೊಂಡು "ನಾಳೆ ಈ ಹೊತ್ತಿನವರೆಗೆ ನಿಮ್ಮದು" ಎಂದು ಕೀಲಿಕೈ ಕೊಡುತ್ತಾನೆ. ಕಂಪ್ಯೂಟರ್ ಒಂದು ವೈಫೈಗೆ ಹೊಸದಾಗಿ ಸೇರಿದಾಗ ಅದಕ್ಕೂ ರೂಟರಿಗೂ ನಡುವೆ ಈ ನಾಲ್ಕು ಮಾತಿನ ಸಂಭಾಷಣೆಯೇ ನಡೆಯುತ್ತದೆ. ಅದಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಅದರ ನಿಯಮಾವಳಿ ಮೊದಲು ಪ್ರಕಟವಾದದ್ದು 1993ರಲ್ಲಿ. ಕೊಟ್ಟ ವಿಳಾಸಕ್ಕೆ ಛತ್ರದ ಕೋಣೆಯಂತೆಯೇ ಅವಧಿಯುಂಟು, ಅವಧಿ ಮುಗಿಯುವುದರೊಳಗಾಗಿ ಯಂತ್ರವೇ ಹೋಗಿ ನವೀಕರಿಸಿಕೊಳ್ಳುತ್ತದೆ. 'ಐಪಿ ಅಡ್ರ್' ಎಂದು ಒತ್ತಿದರೆ ಯಾವ ಕೋಣೆ ಸಿಕ್ಕಿದೆಯೆಂಬುದು ತಿಳಿಯುವುದು. ಮೇಷ್ಟ್ರ ಯಂತ್ರಕ್ಕೆ 192.168.1.7 ಸಿಕ್ಕಿತ್ತು.

"ಇದೇ ನಂಬರು ನಮ್ಮ ಬೀಗರ ಮನೇಲೂ ನೋಡಿದ ಜ್ಞಾಪಕ" ಎಂದು ಮೇಷ್ಟ್ರು ಸಂದೇಹಪಟ್ಟರು. ಅವರ ಜ್ಞಾಪಕ ಸರಿಯೇ. 192.168 ಎಂದು ಆರಂಭವಾಗುವ ವಿಳಾಸಗಳು ಮನೆಯ ಒಳಗಿನ ಬಳಕೆಗೆಂದೇ ಮೀಸಲಾದವು. ಪ್ರತಿ ಛತ್ರದಲ್ಲಿಯೂ ಏಳನೆಯ ಕೋಣೆ ಇರುವಂತೆ ಪ್ರಪಂಚದ ಅಸಂಖ್ಯ ಮನೆಗಳಲ್ಲಿ ಇದೇ ಸಂಖ್ಯೆಗಳಿವೆ. ಹೊರಗಿನ ಪ್ರಪಂಚಕ್ಕೆ ಕಾಣುವುದು ರೂಟರಿನ ವಿಳಾಸವೇ ಹೊರತು ಒಳಗಿನ ಕೋಣೆಯ ಅಂಕೆಯಲ್ಲ. ಐಪಿವಿ4 ಎಂಬ ಈ ಹಳೆಯ ಪದ್ಧತಿಯ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 430 ಕೋಟಿಯಷ್ಟೇ ಆಗಿ, ಅವುಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಮುಗಿದೇಹೋದರೂ ನಮ್ಮ ಮನೆಗಳಲ್ಲಿ ಇನ್ನೂ ಕೆಲಸ ನಡೆಯುತ್ತಿರುವುದಕ್ಕೆ ಈ ಮಿತವ್ಯಯವೂ ಒಂದು ಕಾರಣ. ವಿಳಾಸವೇ ಕಾಣದಿದ್ದರೆ, ಇಲ್ಲವೆ 169.254 ಎಂದು ಆರಂಭವಾಗುವ ವಿಳಾಸ ಕಂಡರೆ, ಪಾರುಪತ್ತೇಗಾರ ಓಗೊಡಲಿಲ್ಲವೆಂದು ತಿಳಿಯತಕ್ಕದ್ದು. ಆ ಎರಡನೆಯದು ಯಾರೂ ಕೋಣೆ ಕೊಡದಾಗ ಯಾತ್ರಿಕನು ಜಗಲಿಯ ಮೇಲೆ ತಾನಾಗಿಯೇ ಹಾಸಿಕೊಂಡ ಚಾಪೆ. ರೂಟರನ್ನು ಆರಿಸಿ ಹಾಕುವ ಪ್ರಸಿದ್ಧ ಚಿಕಿತ್ಸೆ ನಿಜವಾಗಿ ಉಪಯೋಗಕ್ಕೆ ಬರುವ ಸಂದರ್ಭಗಳಲ್ಲಿ ಇದೊಂದು.

ವಿಳಾಸ ಸಿಕ್ಕಿದ ಮೇಲೆ ಛತ್ರದ ಹೆಬ್ಬಾಗಿಲು ಎಲ್ಲಿದೆಯೆಂದು ಗೊತ್ತಿರಬೇಕು. 'ಐಪಿ ರೂಟ್' ಎಂಬ ಆಜ್ಞೆಗೆ ಬರುವ ಉತ್ತರದಲ್ಲಿ 'ಡೀಫಾಲ್ಟ್ ವಯಾ' ಎಂಬ ಮಾತಿನ ಮುಂದಿರುವ ಸಂಖ್ಯೆಯೇ ಆ ಹೆಬ್ಬಾಗಿಲು, ಅಂದರೆ ರೂಟರು. ಮೇಷ್ಟ್ರಲ್ಲಿ ಅದು 192.168.1.1. ಈಗ ಅದನ್ನು ಕೂಗಿ ನೋಡಬೇಕು. ಕೂಗುವ ಆಜ್ಞೆಯ ಹೆಸರು 'ಪಿಂಗ್'. ಅಮೆರಿಕದ ಸೈನ್ಯದ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬಾತನು 1983ರ ಡಿಸೆಂಬರಿನಲ್ಲಿ, ತನ್ನ ಜಾಲದಲ್ಲಿ ಕಂಡ ವಿಚಿತ್ರ ದೋಷವೊಂದನ್ನು ಶೋಧಿಸುವುದಕ್ಕಾಗಿ ಈ ಚಿಕ್ಕ ತಂತ್ರಾಂಶವನ್ನು ಬರೆದು, ಜಲಾಂತರ್ಗಾಮಿಗಳು ಎದುರಿನ ವಸ್ತುವಿನ ದೂರವನ್ನು ಅಳೆಯಲು ನೀರಿನೊಳಗೆ ಹೊರಡಿಸುವ 'ಪಿಂಗ್' ಎಂಬ ಶಬ್ದದ ಹೆಸರನ್ನೇ ಅದಕ್ಕಿಟ್ಟನು. ಇದರ ಕೆಲಸ ಬಾವಿಯ ಕಟ್ಟೆಯ ಮೇಲೆ ನಿಂತು ಕೂಗಿ ಪ್ರತಿಧ್ವನಿಗೆ ಕಾಯುವ ಹುಡುಗನದಕ್ಕಿಂತ ಬೇರೆಯಲ್ಲ. 'ಪಿಂಗ್ 192.168.1.1' ಎಂದು ಒತ್ತಿದೊಡನೆ ಸೆಕೆಂಡಿಗೊಂದರಂತೆ ಸಾಲುಗಳು ಇಳಿಯತೊಡಗಿದವು: 64 ಬೈಟು ಬಂತು, ಮೊದಲನೆಯದು, 2.3 ಮಿಲಿಸೆಕೆಂಡು, 64 ಬೈಟು ಬಂತು, ಎರಡನೆಯದು, 1.9 ಮಿಲಿಸೆಕೆಂಡು. ಲಿನಕ್ಸಿನ ಪಿಂಗ್ ಸಾಕೆನ್ನುವವರೆಗೆ ಕೂಗುತ್ತಲೇ ಇರುವುದರಿಂದ, ಕಂಟ್ರೋಲ್ ಗುಂಡಿಯನ್ನು ಹಿಡಿದು ಸಿ ಅಕ್ಷರವನ್ನು ಒತ್ತಿ ನಿಲ್ಲಿಸಬೇಕು. ನಿಂತಾಗ ಎಷ್ಟು ಕೂಗಿದೆ, ಎಷ್ಟಕ್ಕೆ ಓಗೊಟ್ಟರು, ನೂರಕ್ಕೆ ಎಷ್ಟು ನಷ್ಟವಾಯಿತು ಎಂದು ಲೆಕ್ಕ ಒಪ್ಪಿಸುತ್ತದೆ. ಗಣಿತದ ಮೇಷ್ಟ್ರಿಗೆ ಈ ಲೆಕ್ಕ ಬಹಳ ಹಿಡಿಸಿತು.

ಈ ಹಂತದಲ್ಲಿ ಅಂಕಿಗಳ ನಡತೆಯನ್ನು ಗಮನಿಸುವುದು ಉಪಯುಕ್ತ. ರೂಟರಿನಿಂದ ಬರುವ ಪ್ರತಿಧ್ವನಿ ಒಮ್ಮೆ 3 ಮಿಲಿಸೆಕೆಂಡಿಗೆ, ಇನ್ನೊಮ್ಮೆ 400ಕ್ಕೆ, ಮತ್ತೊಮ್ಮೆ ಬಾರದೆಯೇ ಹೋದರೆ ದೋಷ ಮನೆಯ ಗಾಳಿಯಲ್ಲಿದೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೇ ಬ್ಲೂಟೂತೂ ಮೈಕ್ರೋವೇವ್ ಒಲೆಯೂ ಅಕ್ಕಪಕ್ಕದ ಮನೆಗಳ ರೂಟರುಗಳೂ ಸಂತೆ ನೆರೆದಿರುತ್ತವೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗಲಾಟೆ ಕಡಮೆ, ಆದರೆ ಅದಕ್ಕೆ ಗೋಡೆ ದಾಟುವ ಕಸುವೂ ಕಡಮೆ. ನಮ್ಮ ಹಳೆಯ ಮನೆಗಳ ಮೊಳದಗಲದ ಗೋಡೆಗಳ ಹಿಂದೆ, ದೇವರಮನೆಯ ಪಕ್ಕದ ಕೋಣೆಯಲ್ಲಿ ಕುಳಿತವರಿಗೆ ಅದು ತಲಪುವುದೇ ಇಲ್ಲ. ಇದಕ್ಕೆ ಯಾವ ಆಜ್ಞೆಯೂ ಬೇಕಾಗಿಲ್ಲ. ಕುರ್ಚಿಯನ್ನು ಎತ್ತಿಕೊಂಡು ನಡುಮನೆಗೆ ಬಂದು ಕುಳಿತರಾಯಿತು.

ಹೆಬ್ಬಾಗಿಲಿನವರೆಗೆ ದಾರಿ ಸುಗಮವಾಗಿದ್ದುದರಿಂದ ಬೀದಿಗಿಳಿದೆವು. ಹೊರಗಿನ ಪ್ರಪಂಚವನ್ನು ಕೂಗಿ ನೋಡುವಾಗ ಹೆಸರಿನಿಂದ ಕೂಗದೆ ಅಂಕಿಯಿಂದಲೇ ಕೂಗಬೇಕು. ಏಕೆಂಬುದು ಮುಂದೆ ತಿಳಿಯುವುದು. ನೆನಪಿಗೆ ಸುಲಭವಾದ ಅಂಕಿಯೆಂದು ಎಲ್ಲರೂ ಬಳಸುವುದು 8.8.8.8, ಇದು ಗೂಗಲ್ ಸಂಸ್ಥೆ 2009ರಲ್ಲಿ ಸಾರ್ವಜನಿಕರಿಗಾಗಿ ತೆರೆದ ಒಂದು ಸೇವೆಯ ವಿಳಾಸ. 'ಪಿಂಗ್ 8.8.8.8' ಎಂದು ಒತ್ತಿ, ಮೇಷ್ಟ್ರೂ ನಾನೂ ಪರದೆಯ ಮುಂದೆ ಬಾಗಿದೆವು. ಬಂತು. 64 ಬೈಟು, 11 ಮಿಲಿಸೆಕೆಂಡು. ಮತ್ತೆ ಬಂತು.

"ಅಲ್ಲ ಸ್ವಾಮಿ, ನೆಟ್ ಇದೆಯಲ್ಲ!" ಎಂದರು ಮೇಷ್ಟ್ರು.

ಇತ್ತು, ಹಿಂದಿನ ಸಂಜೆಯಿಂದಲೂ ಇತ್ತು.

ಇಲ್ಲಿ ಉತ್ತರ ಬಾರದಿದ್ದರೆ ಏನು ಮಾಡಬೇಕೆಂದು ಓದುಗರು ಕೇಳಬಹುದು. ಆಗ ಸಹಾಯಕ್ಕೆ ಬರುವುದು 'ಟ್ರೇಸ್‌ರೂಟ್' ಎಂಬ ಆಜ್ಞೆ. ಜಾಲದಲ್ಲಿ ಹೊರಡುವ ಪ್ರತಿಯೊಂದು ಪೊಟ್ಟಣದ ಮೇಲೂ, ಅದು ದಾರಿತಪ್ಪಿ ಅನಂತಕಾಲ ಅಲೆಯದಿರಲೆಂದು, ಇಷ್ಟು ಠಾಣೆಗಳನ್ನು ದಾಟುವವರೆಗೆ ಮಾತ್ರ ಆಯುಸ್ಸು ಎಂದು ಬರೆದಿರುತ್ತದೆ. ಲಿನಕ್ಸು ಸಾಮಾನ್ಯವಾಗಿ ಕೊಡುವ ಆಯುಸ್ಸು 64. ಪ್ರತಿ ಠಾಣೆಯೂ ಒಂದನ್ನು ಕಳೆದು ಮುಂದಕ್ಕೆ ಬಿಡುತ್ತದೆ. ಸೊನ್ನೆಗಿಳಿದ ಠಾಣೆಯು ಪೊಟ್ಟಣವನ್ನು ಅಲ್ಲಿಯೇ ಎಸೆದು "ನಿಮ್ಮದು ಇಲ್ಲಿ ತೀರಿಕೊಂಡಿತು" ಎಂದು ಕಳಿಸಿದವನಿಗೆ ತಿಳಿಸುತ್ತದೆ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿದ್ದ ವಾನ್ ಜೇಕಬ್ಸನ್ ಈ ಮರಣವಾರ್ತೆಯನ್ನೇ ಉಪಾಯವಾಗಿ ತಿರುಗಿಸಿದನು. ಆಯುಸ್ಸು ಒಂದೇ ಇರುವ ಪೊಟ್ಟಣವನ್ನು ಕಳಿಸಿದರೆ ಅದು ಮೊದಲನೆಯ ಠಾಣೆಯಲ್ಲಿ ಸತ್ತು ಆ ಠಾಣೆಯ ಹೆಸರು ಹೇಳುತ್ತದೆ. ಎರಡು ಇರುವುದು ಎರಡನೆಯದರ, ಮೂರು ಇರುವುದು ಮೂರನೆಯದರ. ಹೀಗೆ ಬಲಿದಾನಗಳ ಪರಂಪರೆಯಿಂದ ಇಡೀ ದಾರಿಯ ನಕ್ಷೆ ಕೈಗೆ ಬರುತ್ತದೆ. ನಡುವೆ ಕೆಲವು ಠಾಣೆಗಳು ವಾರ್ತೆ ಕಳಿಸದೆ ಮೌನವಾಗಿರುವುದುಂಟು. ಅವುಗಳ ಸಾಲಿನಲ್ಲಿ ನಕ್ಷತ್ರದ ಚಿಹ್ನೆ ಕಾಣುತ್ತದೆ, ಅಷ್ಟರಿಂದ ದೋಷವೆಂದು ತಿಳಿಯಲಾಗದು. ಆದರೆ ಮೊದಲನೆಯ ಸಾಲಿನಲ್ಲಿ ರೂಟರು ಕಂಡು, ಆಮೇಲೆ ಕೊನೆಯವರೆಗೂ ನಕ್ಷತ್ರಗಳೇ ಆದರೆ, ಆಗ ಕಂಪನಿಗೆ ಧೈರ್ಯವಾಗಿ ಫೋನು ಮಾಡಬಹುದು. "ನಿಮ್ಮ ರೂಟರ್‌ವರೆಗೆ ಹೋಗುತ್ತಿದೆ, ಆಚೆಗೆ ಹೋಗುತ್ತಿಲ್ಲ" ಎಂದು ಹೇಳುವ ಗ್ರಾಹಕನಿಗೆ ರೂಟರನ್ನು ಆರಿಸಿ ಹಾಕಲು ಹೇಳುವುದಕ್ಕೆ ಆ ಕಡೆಯವರೂ ತುಸು ಹಿಂಜರಿಯುತ್ತಾರೆಂಬುದು ನನ್ನ ಅನುಭವ.

ಮೇಷ್ಟ್ರ ಪ್ರಕರಣಕ್ಕೆ ಮರಳೋಣ. ಅಂಕಿಗೆ ಓಗೊಟ್ಟ ಪ್ರಪಂಚ ಹೆಸರಿಗೆ ಓಗೊಡುವುದೋ ಎಂದು ನೋಡಲು ಕನ್ನಡ ವಿಕಿಪೀಡಿಯದ ಹೆಸರನ್ನು ಕೊಟ್ಟು ಪಿಂಗ್ ಮಾಡಿದೆ. ಹೆಸರನ್ನು ಅಂಕಿಯಾಗಿ ಬಿಡಿಸುವುದರಲ್ಲಿ ತಾತ್ಕಾಲಿಕ ವೈಫಲ್ಯವೆಂಬ ಅರ್ಥದ ಒಂದು ಇಂಗ್ಲಿಷ್ ಸಾಲು ಬಂದು ಬಿತ್ತು. ಕಳ್ಳ ಸಿಕ್ಕಿದ್ದ.

ಯಂತ್ರಗಳಿಗೆ ಅಂಕಿಯಲ್ಲದೆ ಬೇರೆ ಗುರುತು ಗೊತ್ತಿಲ್ಲ; ಹೆಸರುಗಳೆಲ್ಲ ಮನುಷ್ಯರ ಅನುಕೂಲಕ್ಕೆ. ಅಂತರಜಾಲದ ಪೂರ್ವಜವಾದ ಅರ್ಪಾನೆಟ್ಟಿನ ಕಾಲದಲ್ಲಿ ಈ ಹೆಸರು-ಅಂಕಿಗಳ ಪಟ್ಟಿ ಒಂದೇ ಒಂದು ಕಡತವಾಗಿ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿತ್ತು. ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ಬಳಗ ಅದನ್ನು ಪೋಷಿಸುತ್ತಿತ್ತು. ಹೊಸ ಕಂಪ್ಯೂಟರು ಸೇರಿಸಬೇಕೆಂದಿದ್ದವರು ಅವರಿಗೆ ತಿಳಿಸಿ ಬರೆಸಿಕೊಳ್ಳಬೇಕಾಗಿತ್ತು. ಮನೆತನ ಬೆಳೆದಂತೆ ಒಂದೇ ಪಟ್ಟಿಯಿಂದ ಕೆಲಸ ಸಾಗದಾಗಿ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಡಿಎನ್‌ಎಸ್ ಎಂಬ ವಿತರಣೆಯ ವ್ಯವಸ್ಥೆಯನ್ನು ರೂಪಿಸಿದನು. ಅದರಲ್ಲಿ ಎಲ್ಲವನ್ನೂ ಬಲ್ಲವರು ಯಾರೂ ಇಲ್ಲ. ಪ್ರತಿಯೊಬ್ಬನಿಗೂ ತನ್ನ ಕೆಳಗಿನವರು ಯಾರೆಂದು ಮಾತ್ರ ಗೊತ್ತು. ಮೂಲದಲ್ಲಿರುವ 13 ಹೆಸರಿನ ಸರ್ವರುಗಳು 'ಆರ್ಗ್' ಎಂಬ ಮನೆತನದವರನ್ನು ತೋರಿಸುತ್ತವೆ, ಅವರು ವಿಕಿಪೀಡಿಯದವರನ್ನು ತೋರಿಸುತ್ತಾರೆ, ಅವರು ಕನ್ನಡದ ಮನೆಯ ಅಂಕಿಯನ್ನು ಹೇಳುತ್ತಾರೆ. ಇಂದು ಕನ್ನಡ ಲಿಪಿಯಲ್ಲಿಯೇ '.ಭಾರತ' ಎಂದು ಮುಗಿಯುವ ಹೆಸರುಗಳನ್ನೂ ಪಡೆಯಬಹುದು. ಆದರೆ ಒಳಗೊಳಗೆ ಈ ವ್ಯವಸ್ಥೆ ಅವನ್ನು 'ಎಕ್ಸ್‌ಎನ್' ಎಂದು ಆರಂಭವಾಗುವ ಇಂಗ್ಲಿಷ್ ಅಕ್ಷರಗಳ ಗೊಂಚಲಾಗಿ ಬರೆದಿಟ್ಟುಕೊಳ್ಳುತ್ತದೆಂಬುದನ್ನು ಕನ್ನಡಾಭಿಮಾನಿಗಳು ಸೈರಿಸಿಕೊಳ್ಳಬೇಕಾಗಿದೆ. ಫೈನ್ಲರ್ ಬಳಗದ ಕಡತವೂ ಪೂರ್ಣವಾಗಿ ಸತ್ತಿಲ್ಲ. ಪ್ರತಿ ಲಿನಕ್ಸಿನಲ್ಲಿಯೂ 'ಇಟಿಸಿ' ಕೋಶದೊಳಗೆ 'ಹೋಸ್ಟ್ಸ್' ಎಂಬ ಹೆಸರಿನ ಸಣ್ಣ ಕಡತವೊಂದು ಅದರ ವಂಶೋದ್ಧಾರಕನಾಗಿ ಉಳಿದಿದೆ, ಮತ್ತು ಸಾಮಾನ್ಯವಾಗಿ ಯಂತ್ರವು ಹೊರಗೆ ವಿಚಾರಿಸುವುದಕ್ಕೆ ಮೊದಲು ಅದನ್ನೇ ನೋಡುತ್ತದೆ.

ನಮ್ಮ ಪರವಾಗಿ ಈ ವಿಚಾರಣೆಯನ್ನೆಲ್ಲ ನಡೆಸುವ ಸರ್ವರ್ ಯಾವುದೆಂಬುದನ್ನು, ವಿಳಾಸ ಕೊಡುವಾಗಲೇ ರೂಟರು ಹೇಳಿಬಿಟ್ಟಿರುತ್ತದೆ. 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' ಎಂಬ ಆಜ್ಞೆಯಿಂದ ಅದನ್ನು ತಿಳಿಯಬಹುದು. ಮೇಷ್ಟ್ರ ಯಂತ್ರದಲ್ಲಿ ಅಲ್ಲಿ ರೂಟರಿನ ವಿಳಾಸಕ್ಕೆ ಬದಲು ಬೇರೊಂದು ಅಪರಿಚಿತ ಅಂಕಿಯಿತ್ತು.

"ಮೇಷ್ಟ್ರೇ, ನಿನ್ನೆ ಸಂಜೆ ಏನಾದರೂ ಬದಲಾಯಿಸಿದಿರಾ?" ಎಂದು ಕೇಳಿದೆ.

"ಕಂಪ್ಯೂಟರಿನಲ್ಲಿ ಏನೂ ಇಲ್ಲ. ನೆಟ್ ಕಂಪನಿ ಬದಲಾಯಿಸಿದೆ. ಹಳೆಯವರು ಬಾಡಿಗೆ ಜಾಸ್ತಿ ಮಾಡಿದರು ಅಂತ ಬಿಟ್ಟು, ನಿನ್ನೆ ಹೊಸಬರ ಹತ್ತಿರ ಹಾಕಿಸಿಕೊಂಡೆ. ಆದರೆ ವೈಫೈ ಹೆಸರು, ಪಾಸ್‌ವರ್ಡು ಎಲ್ಲ ಹಳೇದನ್ನೇ ಇಡಿ ಅಂದೆ. ಇಲ್ಲದಿದ್ದರೆ ಮನೆಯವರೆಲ್ಲರ ಫೋನಿಗೂ ಮತ್ತೆ ಒತ್ತುತ್ತ ಕೂರಬೇಕಲ್ಲ!"

ಈ ಮಾತು ಗೇಟಿನ ಬಳಿಯೇ ಬಂದಿದ್ದರೆ ಇಷ್ಟು ದೂರ ನಡೆಯಬೇಕಾಗಿರಲಿಲ್ಲ. ಮಗ ಯಾವಾಗಲೋ ಹಳೆಯ ಕಂಪನಿಯ ಡಿಎನ್‌ಎಸ್ ಸರ್ವರಿನ ಅಂಕಿಯನ್ನು ವೈಫೈಯ ಹೊಂದಾಣಿಕೆಯಲ್ಲಿ ಕೈಯಿಂದಲೇ ಬರೆದಿಟ್ಟು ಹೋಗಿದ್ದ. ಲಿನಕ್ಸು ಇಂಥ ಹೊಂದಾಣಿಕೆಗಳನ್ನು ವೈಫೈಯ ಹೆಸರಿಗೆ ಕಟ್ಟಿ ಇಡುವುದರಿಂದ, ಹೊಸ ರೂಟರು ಹಳೆಯ ಹೆಸರನ್ನೇ ಹೊತ್ತು ಬಂದಾಗ, ಅದು ಹಳೆಯ ಸ್ನೇಹಿತನೆಂದೇ ಭಾವಿಸಿ, ಹಳೆಯ ಕಂಪನಿಯ ಸರ್ವರನ್ನೇ ಹೋಗಿ ವಿಚಾರಿಸುತ್ತಿತ್ತು. ತನ್ನ ಗ್ರಾಹಕರಲ್ಲದವರಿಗೆ ಅಂಥ ಸರ್ವರುಗಳು ಸಾಮಾನ್ಯವಾಗಿ ಉತ್ತರ ಕೊಡವು. ಫೋನುಗಳಿಗೆ ಯಾರೂ ಏನನ್ನೂ ಬರೆದಿಟ್ಟಿರಲಿಲ್ಲವಾದ್ದರಿಂದ ಅವು ಹೊಸ ರೂಟರು ಹೇಳಿದಂತೆ ಕೇಳಿಕೊಂಡು ಸುಖವಾಗಿದ್ದವು. ಸೆಟ್ಟಿಂಗ್ಸಿನಲ್ಲಿ ವೈಫೈಯ ಹೆಸರಿನ ಪಕ್ಕದ ಹಲ್ಲಿನ ಚಕ್ರವನ್ನು ಒತ್ತಿ, ಐಪಿವಿ4 ಎಂಬ ಪುಟದಲ್ಲಿ ಆ ಅಂಕಿಯನ್ನು ಅಳಿಸಿ, ಡಿಎನ್‌ಎಸ್ ಎದುರಿನ 'ಆಟೊಮ್ಯಾಟಿಕ್' ಎಂಬುದನ್ನು ಮುಂದಕ್ಕೆ ತಳ್ಳಿ, ವೈಫೈಯನ್ನು ಒಮ್ಮೆ ಆರಿಸಿ ಹಾಕಿದ್ದಷ್ಟೇ ಚಿಕಿತ್ಸೆ. ಮೇಷ್ಟ್ರು ಕಾಫಿ ತರಿಸಿದರು. ಲಿನಕ್ಸು ಅಲ್ಲಿಯೇ ಉಳಿಯಿತು.

ಅಂಕಿಯೂ ಓಗೊಟ್ಟು ಹೆಸರೂ ಓಗೊಟ್ಟು ಪುಟ ಮಾತ್ರ ತೆರೆಯದಿರುವ ಸಂದರ್ಭಗಳೂ ಉಂಟು. ಚಿಕ್ಕ ಪೊಟ್ಟಣಗಳು ದಾಟಿ ದೊಡ್ಡವು ಸಿಕ್ಕಿಬೀಳುವುದೊಂದು. ಸಾಮಾನ್ಯವಾಗಿ ಒಂದು ಪೊಟ್ಟಣದ ಮಿತಿ 1500 ಬೈಟು, ಆದರೆ ಬಳಕೆದಾರನ ಹೆಸರು, ಗುಪ್ತಪದ ಕೇಳುವ ಕೆಲವು ಸಂಪರ್ಕಗಳು ತಮ್ಮ ಮೇಲುಹೊದಿಕೆಗೆಂದು 8 ಬೈಟನ್ನು ತೆಗೆದುಕೊಂಡು 1492ನ್ನು ಮಾತ್ರ ಬಿಡುತ್ತವೆ. ಈ ಸುದ್ದಿ ದಾರಿಯಲ್ಲಿ ಎಲ್ಲೋ ತಲಪದೆಹೋದರೆ ಸಣ್ಣ ಪುಟಗಳು ತೆರೆದು ದೊಡ್ಡವು ಅರ್ಧಕ್ಕೆ ನಿಲ್ಲುತ್ತವೆ. ಇದು ಅಪರೂಪ, ಬಲ್ಲವರ ಕೈಗೆ ಬಿಡುವುದು ಮೇಲು.

ಇನ್ನೊಂದು ಸಂದರ್ಭವನ್ನು ಹೇಳದೆ ಮುಗಿಸಿದರೆ ಪ್ರಾಮಾಣಿಕತೆಗೆ ಊನ ಬಂದೀತು, ಏಕೆಂದರೆ ಅದು ನಡೆದದ್ದು ನಮ್ಮ ಮನೆಯಲ್ಲಿ. ಬೇರೆಯವರ ಮನೆಯಲ್ಲಿ ಹೀಗೆ ಪಾಂಡಿತ್ಯ ಪ್ರದರ್ಶಿಸಿ ಬಂದ ಎರಡು ತಿಂಗಳಿಗೆ ನನ್ನ ಮೇಜಿನ ಮೇಲಿನ ಹಳೆಯ ಕಂಪ್ಯೂಟರಿನಲ್ಲಿ ಒಂದು ಬೆಳಗ್ಗೆ ಯಾವ ಪುಟವೂ ತೆರೆಯದಾಯಿತು. ಬಾಗಿಲು, ವಿಳಾಸ, ಹೆಬ್ಬಾಗಿಲು, 8.8.8.8, ಹೆಸರು, ಎಲ್ಲವನ್ನೂ ಕ್ರಮವಾಗಿ ಕೇಳಿದೆ; ಎಲ್ಲವೂ ಓಗೊಟ್ಟವು. ಬ್ರೌಸರು ಮಾತ್ರ ಈ ಸಂಪರ್ಕ ಸುರಕ್ಷಿತವಲ್ಲವೆಂದು ಎಚ್ಚರಿಸಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಕಂಪನಿಯವರನ್ನು ಮನಸ್ಸಿನಲ್ಲಿಯೇ ಬಯ್ದುಕೊಂಡೆ. ಅರ್ಧ ದಿನ ಕಳೆದ ಮೇಲೆ, ಬ್ರೌಸರಿನ ಎಚ್ಚರಿಕೆಯ ಕೆಳಗೆ ಸಣ್ಣಕ್ಷರದಲ್ಲಿದ್ದುದನ್ನು ಮೊದಲಬಾರಿಗೆ ಓದಿದೆ: ನಿಮ್ಮ ಕಂಪ್ಯೂಟರಿನ ಗಡಿಯಾರ ತಪ್ಪಾಗಿರುವಂತೆ ತೋರುತ್ತದೆ. 'ಟೈಮ್‌ಡೇಟ್‌ಸಿಟಿಎಲ್' ಎಂದು ಒತ್ತಿ ನೋಡಿದರೆ ಯಂತ್ರ ಸುಮಾರು ಎರಡು ವರ್ಷದಷ್ಟು ಹಿಂದೆ ಜೀವಿಸುತ್ತಿತ್ತು. ಇಂದಿನ ಜಾಲತಾಣಗಳು ತಮ್ಮ ಗುರುತಿಗಾಗಿ ಒಂದು ಪ್ರಮಾಣಪತ್ರವನ್ನು ತೋರಿಸುತ್ತವೆ; ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ; ಎರಡು ವರ್ಷ ಹಿಂದಿದ್ದ ನನ್ನ ಯಂತ್ರದ ದೃಷ್ಟಿಯಲ್ಲಿ ಆ ಪತ್ರಗಳೆಲ್ಲ ಇನ್ನೂ ಹುಟ್ಟಿಯೇ ಇರಲಿಲ್ಲ.

ಕಾರಣ ಎರಡು. ಯಂತ್ರ ಆರಿರುವಾಗಲೂ ಗಡಿಯಾರವನ್ನು ನಡೆಸಲು ಒಳಗಿನ ಹಲಗೆಯ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಸಿಆರ್2032 ಎಂಬ ಅದರ ಹೆಸರಿನಲ್ಲಿಯೇ ಅಳತೆಯೂ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದು ಸತ್ತು, ಹಿಂದಿನ ರಾತ್ರಿ ಕರೆಂಟು ಹೋಗಿ ಬಂದಾಗ ಗಡಿಯಾರ ತನ್ನ ಆದಿಕಾಲಕ್ಕೆ ಜಾರಿತ್ತು. ತಾನು ಸಿದ್ಧವಾಗುವುದಕ್ಕೂ ಹಿಂದಿನ ದಿನಾಂಕವನ್ನು ಇಂದಿನ ಬಹುಪಾಲು ಲಿನಕ್ಸುಗಳು ನಂಬಲೊಲ್ಲವಾದ್ದರಿಂದ, ಅದು ತನ್ನ ಹುಟ್ಟಿದ ದಿನವನ್ನೇ ಇಂದಿನ ದಿನವೆಂದು ಹಿಡಿದುಕೊಂಡಿತ್ತು. ಇಷ್ಟಾದರೂ ಅನಾಹುತವಾಗಬೇಕಾಗಿರಲಿಲ್ಲ, ಜಾಲ ಸಿಕ್ಕಿದೊಡನೆ ಹೊರಗಿನ ಗಡಿಯಾರಗಳನ್ನು ಕೇಳಿ ತನ್ನನ್ನು ತಾನೇ ತಿದ್ದಿಕೊಳ್ಳುವ ಏರ್ಪಾಡು ಲಿನಕ್ಸಿನಲ್ಲಿದೆ. ಆ ಏರ್ಪಾಡನ್ನು ಆರಿಸಿದವನು ನಾನೇ. ಬಸ್ಸು ತಪ್ಪದಿರಲೆಂದು ನಮ್ಮ ಮನೆಯ ಗೋಡೆಯ ಗಡಿಯಾರವನ್ನು ತಂದೆಯವರ ಕಾಲದಿಂದಲೂ ಹತ್ತು ನಿಮಿಷ ಮುಂದಿಡುವುದು ವಾಡಿಕೆ. ಕಂಪ್ಯೂಟರಿನದೂ ಅದಕ್ಕೆ ಹೊಂದಲೆಂದು, ತಾನಾಗಿ ತಿದ್ದಿಕೊಳ್ಳುವ ಅದರ ಅಧಿಕಾರವನ್ನು ಕಿತ್ತುಕೊಂಡು, ಕೈಯಿಂದ ಮುಂದಿಟ್ಟಿದ್ದೆ. ಹೀಗಾಗಿ ಆ ಗಡಿಯಾರವನ್ನು ನಂಬುವ ಅಭ್ಯಾಸವೇ ನನಗೆ ತಪ್ಪಿಹೋಗಿ, ಅದು ತಪ್ಪು ತೋರಿಸುತ್ತಿದ್ದುದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

ಹೊಸ ಸೆಲ್ಲನ್ನು ವಾಚ್ ರಿಪೇರಿಯ ಅಂಗಡಿಯಿಂದ ತಂದು ಹಾಕಿದೆ. ಗೋಡೆಯ ಗಡಿಯಾರ ಈಗಲೂ ಹತ್ತು ನಿಮಿಷ ಮುಂದೆಯೇ ಇದೆ. ಕಂಪ್ಯೂಟರಿನದನ್ನು ಮಾತ್ರ ಜಾಲದ ವಶಕ್ಕೆ ಬಿಟ್ಟಿದ್ದೇನೆ.